ಕರುಳಿನ ಬಾಗಿಲಿಗೆ ಲೆಕ್ಕ ಗೊತ್ತು

ಸೌತೆಕಾಯಿ ಕೋಸಂಬರಿ ಮಾಡುವವರಿಗೆಲ್ಲ ಒಂದು ವಿಷಯ ಗೊತ್ತು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಗರಿಗರಿಯಾಗಿದ್ದ ಸೌತೆ ಸೊರಗುತ್ತದೆ, ಹೆಸರುಬೇಳೆ ಆ ನೀರಲ್ಲಿ ಈಜುತ್ತದೆ. ಒಂದು ರಾಮನವಮಿಗೆ ನಾನು ಅವಸರ ಮಾಡಿ ಬೆಳಗ್ಗೆಯೇ ಉಪ್ಪು ಕಲಸಿಟ್ಟಿದ್ದೆ. ಮಧ್ಯಾಹ್ನ ಎಲೆಗೆ ಬಿದ್ದದ್ದು ಕೋಸಂಬರಿಯೋ ಸಾರೋ ಅಂತ ಮನೆಯವರೆಲ್ಲ ಆಡಿಕೊಂಡರು.

ಆ ನೀರು ಎಲ್ಲಿಂದ ಬಂತು? ಸೌತೆಯ ಜೀವಕೋಶಗಳ ಒಳಗಿನಿಂದ. ಪ್ರತಿ ಕೋಶದ ಸುತ್ತ ಒಂದು ತೆಳು ಪೊರೆ ಇದೆ. ನೀರು ಅದನ್ನು ಹೇಗೋ ದಾಟುತ್ತದೆ, ಉಪ್ಪಿಗೆ ಅಷ್ಟು ಸುಲಭವಲ್ಲ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಉಪ್ಪಿದ್ದ ಕಡೆಗೆ ಹರಿಯುತ್ತದೆ. ಹೈಸ್ಕೂಲಿನಲ್ಲಿ ಇದಕ್ಕೆ ಅಭಿಸರಣೆ ಅಂತ ಬರೆದು ಎರಡು ಮಾರ್ಕು ತಗೊಂಡು ಮರೆತುಬಿಟ್ಟಿದ್ದೇವೆ.

ಆ ಎರಡು ಮಾರ್ಕಿನ ಪ್ರಶ್ನೆ ಈಗ ಮೆಡಿಕಲ್ ಶಾಪಿನ ಕಪಾಟಿಗೂ ಬಂದಿದೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.

2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಒಂದು ಆದೇಶ ಹೊರಡಿಸಿತು. ಜ್ಯೂಸ್ ಆಗಲಿ, ಬೇರೆ ಯಾವ ಪಾನೀಯವೇ ಆಗಲಿ, ಅದರ ಹೆಸರಿನಲ್ಲಿ ‘ಒಆರ್‌ಎಸ್’ (ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿಯ ಹೆಸರು) ಅನ್ನುವ ಅಕ್ಷರಗಳು ಇರಕೂಡದು. ಹಿಂದೊಂದು ಮುಂದೊಂದು ಅಕ್ಷರ ಅಂಟಿಸಿಕೊಂಡರೂ ಇಲ್ಲ. ಅದಕ್ಕೆ ಮುಂಚೆ, 2022ರ ಜುಲೈನಿಂದ, ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಒಆರ್‌ಎಸ್ ಅಲ್ಲ’ ಎಂಬ ಅರ್ಥದ ಒಂದು ಸಾಲನ್ನು ಲೇಬಲ್ ಮೇಲೆ ಹಾಕಿದರೆ ಹೆಸರು ಇಟ್ಟುಕೊಳ್ಳಬಹುದಿತ್ತು. ಹೆಸರಲ್ಲಿ ಒಆರ್‌ಎಸ್, ಕೆಳಗೆ ಸಣ್ಣ ಅಕ್ಷರದಲ್ಲಿ ‘ನಾನು ಅದಲ್ಲ’. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದರು. ಆದೇಶ ಬಂದ ಮೇಲೆ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು, ಉಳಿದ ಸ್ಟಾಕ್ ಏನು ಮಾಡೋದು ಅಂತ. ಅಂಥ ಡಬ್ಬಿಗಳನ್ನು ಅಂಗಡಿಗಳಿಂದ ತೆಗೆಸಿ ಅಂತ ನವೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚನೆಯೂ ಹೋಯಿತು.

ಈ ಸುದ್ದಿ ಓದಿದ ಬಹಳ ಜನ ಇದನ್ನು ಕಂಪನಿಗಳ ಮೋಸದ ಕತೆ ಅಂತ ಓದಿದರು. ಅದೂ ಇದೆ. ನನಗೆ ಮಾತ್ರ ಇದು ಜೀವಕೋಶದ ಬಾಗಿಲಿನ ಜಗಳವಾಗಿ ಕಂಡಿತು. ಆ ಮೂರು ಅಕ್ಷರಗಳ ಹಿಂದೆ ಕರುಳಿನ ಕೋಶದ ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನ್ ಇದೆ. ಅದು ಗಿರಾಕಿಗೂ ಕಂಪನಿಗೂ ತಲೆಬಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಲೆಕ್ಕ ಮಾತ್ರ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದು ನಡೆದಿದೆ. ಮಗುವಿಗೆ ಬೆಳಗಿನಿಂದ ಭೇದಿ. ರಾತ್ರಿ ಹತ್ತು ಗಂಟೆ, ಬೀದಿ ಕೊನೆಯ ಅಂಗಡಿ ಶಟರ್ ಅರ್ಧ ಎಳೆದಿತ್ತು. ‘ಒಆರ್‌ಎಸ್ ಕೊಡಿ’ ಅಂದೆ. ಹುಡುಗ ಒಂದು ಬಣ್ಣದ ಟೆಟ್ರಾ ಪ್ಯಾಕ್ ಕೊಟ್ಟ, ಮೇಲೆ ಕಿತ್ತಳೆ ಹಣ್ಣಿನ ಚಿತ್ರ. ಮಗು ಗಟಗಟ ಕುಡಿಯಿತು. ನಮಗೆ ಎಷ್ಟು ಸಮಾಧಾನ! ರಾತ್ರಿಯಿಡೀ ಭೇದಿ ಇನ್ನಷ್ಟು ಜೋರಾಯಿತು. ಬೆಳಗ್ಗೆ ಡಾಕ್ಟರು ಪ್ಯಾಕ್ ತಿರುಗಿಸಿ ಹಿಂಭಾಗ ತೋರಿಸಿದಾಗಲೇ ನಾವು ಅದನ್ನು ಓದಿದ್ದು.

ಏನಾಯಿತು ಅಂತ ತಿಳಿಯಬೇಕಾದರೆ ಜೀವಕೋಶದ ಒಳಗೆ ಹೋಗಬೇಕು. ಶಾಲೆಯಲ್ಲಿ ನಾವು ಬಿಡಿಸಿದ ಚಿತ್ರ ನೆನಪಿದೆಯಲ್ವಾ? ಒಂದು ದೊಡ್ಡ ವೃತ್ತ, ನಡುವೆ ಚಿಕ್ಕ ವೃತ್ತ, ಅಲ್ಲಲ್ಲಿ ಹುರುಳಿಕಾಳಿನ ಆಕಾರದ ಮೈಟೊಕಾಂಡ್ರಿಯ. ದೊಡ್ಡ ವೃತ್ತ ಕೋಶಪೊರೆ, ಚಿಕ್ಕದು ಕೋಶಕೇಂದ್ರ, ನಡುವಿನದೆಲ್ಲ ಕೋಶದ್ರವ್ಯ. ಕೋಶಕೇಂದ್ರದಲ್ಲಿ ಡಿಎನ್‌ಎ ಇದೆ, ಯಾವ ಪ್ರೋಟೀನ್ ಮಾಡಬೇಕು ಅನ್ನುವ ಬರಹ ಅಲ್ಲಿದೆ. ಆ ಬರಹ ನೋಡಿ ರೈಬೋಸೋಮ್‌ಗಳು ಪ್ರೋಟೀನ್ ಹೆಣೆಯುತ್ತವೆ. ಮೈಟೊಕಾಂಡ್ರಿಯ ಆಹಾರವನ್ನು ಉರಿಸಿ ಎಟಿಪಿ ಅನ್ನುವ ಚಿಲ್ಲರೆ ಹಣ ಮಾಡಿಕೊಡುತ್ತದೆ. ಕೋಶದೊಳಗೆ ಏನು ಕೆಲಸ ಆಗಬೇಕಾದರೂ ಈ ಚಿಲ್ಲರೆ ಬೇಕು. ಇಷ್ಟು ಸಾಕು, ಉಳಿದ ಭಾಗಗಳ ಹೆಸರು ಇವತ್ತಿನ ಕತೆಗೆ ಬೇಕಿಲ್ಲ.

ಆ ಚಿತ್ರದಲ್ಲಿ ಎಲ್ಲಕ್ಕಿಂತ ಬೇಗ ಮುಗಿಸುತ್ತಿದ್ದದ್ದು ಹೊರಗಿನ ಗೆರೆ. ಬಳೆ ಇಟ್ಟು ಪೆನ್ಸಿಲ್ ಸುತ್ತಿದರೆ ಆಯಿತು. ಹಾಗಾಗಿ ಪೊರೆ ಅಂದರೆ ಒಂದು ಪ್ಲಾಸ್ಟಿಕ್ ಚೀಲ, ಒಳಗಿನ ಸಾಮಾನು ಚೆಲ್ಲದಂತೆ ಹಿಡಿದಿಡುತ್ತದೆ ಅನ್ನುವ ಕಲ್ಪನೆ ನಮ್ಮಲ್ಲಿ ಉಳಿದುಬಿಟ್ಟಿದೆ. ನಿಜವಾಗಿ ಕೋಶ ಬದುಕಿದೆಯೋ ಸತ್ತಿದೆಯೋ ಅನ್ನುವುದು ಆ ಗೆರೆಯಲ್ಲೇ ನಿರ್ಧಾರವಾಗುತ್ತದೆ.

ಬೀಟ್‌ರೂಟ್ ಹೆಚ್ಚಿ, ತೊಳೆದು, ತಣ್ಣೀರಿಗೆ ಹಾಕಿ ನೋಡಿ. ಹೆಚ್ಚಿದ ಅಂಚಿನಿಂದ ಸ್ವಲ್ಪ ಬಣ್ಣ ಬಿಟ್ಟು ನೀರು ತಿಳಿಯಾಗೇ ಇರುತ್ತದೆ. ಅದೇ ಹೋಳನ್ನು ಕುದಿಯುವ ನೀರಿಗೆ ಹಾಕಿ. ನಿಮಿಷದಲ್ಲಿ ನೀರೆಲ್ಲ ಕೆಂಪು. ಬಣ್ಣ ಮೊದಲೂ ಅಲ್ಲೇ ಇತ್ತು, ಕೋಶದೊಳಗಿನ ಪೊರೆಗಳು ಅದನ್ನು ಹಿಡಿದಿಟ್ಟಿದ್ದವು. ಬಿಸಿಗೆ ಪೊರೆ ಹಾಳಾಯಿತು, ಬಣ್ಣ ಹೊರಬಿತ್ತು. ಪಲ್ಯ ಮಾಡುವ ಒಲೆಯ ಮೇಲೆ ದಿನಾ ನಡೆಯುವ ಪ್ರಯೋಗ ಇದು.

ಈ ಪೊರೆ ಎಷ್ಟು ದಪ್ಪ? ಸುಮಾರು 5 ನ್ಯಾನೋಮೀಟರ್. ಇಂಥ 10,000 ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಒಂದು ತಲೆಗೂದಲಿನ ದಪ್ಪಕ್ಕೆ ಸುಮಾರಾಗಿ ಬರುತ್ತದೆ ಅಷ್ಟೇ. ಅದು ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳಿಂದ ಆಗಿದೆ. ಒಂದೊಂದು ಅಣುವಿಗೂ ನೀರನ್ನು ಇಷ್ಟಪಡುವ ಒಂದು ತಲೆ, ನೀರು ಕಂಡರೆ ಆಗದ ಎರಡು ಬಾಲ. ಮಳೆ ಬಂದಾಗ ಬಯಲಲ್ಲಿ ಕುರಿಗಳು ಒತ್ತೊತ್ತಾಗಿ ನಿಂತು, ತಲೆಯನ್ನು ನಡುವೆ ತೂರಿಸಿ, ಬೆನ್ನನ್ನು ಮಳೆಗೆ ಕೊಡುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಕುರಿ ತಲೆ ಬಚ್ಚಿಡುತ್ತದೆ, ಈ ಅಣು ಬಾಲ ಬಚ್ಚಿಡುತ್ತದೆ, ಅಷ್ಟೇ ವ್ಯತ್ಯಾಸ. ಎರಡು ಸಾಲಾಗಿ ನಿಂತು, ಬಾಲಗಳನ್ನು ಒಳಗೆ ಮಾಡಿ, ತಲೆಗಳನ್ನು ಎರಡೂ ಕಡೆಯ ನೀರಿಗೆ ತೋರಿಸುತ್ತವೆ. ಯಾರೂ ಜೋಡಿಸಬೇಕಿಲ್ಲ. ನೀರಿಗೆ ಹಾಕಿದರೆ ತಾವೇ ಹೀಗೆ ನಿಲ್ಲುತ್ತವೆ.

ಎರಡು ಸಾಲು ಅಂತ ಮೊದಲು ಕಂಡುಹಿಡಿದವರು ನೆದರ್‌ಲ್ಯಾಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳಿಂದ ಕೊಬ್ಬನ್ನು ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಆ ಪದರದ ಅಗಲ ರಕ್ತಕಣಗಳ ಮೈಯ ಅಗಲದ ಎರಡರಷ್ಟು ಬಂತು. ಹಾಗಾದರೆ ಪೊರೆಯಲ್ಲಿ ಎರಡು ಪದರ ಇರಬೇಕು. ಮಜಾ ಏನು ಅಂದರೆ ಇವರು ಎರಡು ತಪ್ಪು ಮಾಡಿದ್ದರು. ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ರಕ್ತಕಣದ ಅಗಲವನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪೂ ಒಂದಕ್ಕೊಂದು ವಜಾ ಆಗಿ ಉತ್ತರ ಸರಿ ಬಂತು! ಪರೀಕ್ಷೆಯಲ್ಲಿ ನಮಗೆ ಇಂಥ ಅದೃಷ್ಟ ಯಾವತ್ತೂ ಬರಲಿಲ್ಲ.

ಇದು ಗೋಡೆಯ ಹಾಗೆ ಗಟ್ಟಿ ಅಂದುಕೊಳ್ಳಬೇಡಿ, ಮೈಯ ಬಿಸಿಗೆ ಎಣ್ಣೆಯಷ್ಟು ಸಡಿಲ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಅನ್ನುವವರು ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದರು. ಎರಡರ ಪ್ರೋಟೀನ್‌ಗಳಿಗೂ ಬೇರೆ ಬೇರೆ ಹೊಳೆಯುವ ಬಣ್ಣ. ಮೊದಲು ಅರ್ಧ ಈ ಬಣ್ಣ, ಅರ್ಧ ಆ ಬಣ್ಣ. 40 ನಿಮಿಷ ಆಗುವಷ್ಟರಲ್ಲಿ ಎರಡೂ ಕಲಸಿಹೋದವು. ಪ್ರೋಟೀನ್‌ಗಳು ಪೊರೆಯಲ್ಲಿ ಕೆರೆಯ ಮೇಲಿನ ತೆಪ್ಪಗಳಂತೆ ಓಡಾಡುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಇದನ್ನೆಲ್ಲ ಸೇರಿಸಿ ಪೊರೆಯ ಒಂದು ಚಿತ್ರ ಕೊಟ್ಟರು. ಈಗಲೂ ಪಠ್ಯಪುಸ್ತಕಗಳಲ್ಲಿ ಇರುವುದು ಅದೇ.

ಈ ಕೊಬ್ಬಿನ ಪದರವನ್ನು ಆಮ್ಲಜನಕ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ದಾಟುತ್ತದೆ, ಮದ್ಯ ಕೂಡ ಸಲೀಸಾಗಿ ನುಗ್ಗುತ್ತದೆ. ಸಕ್ಕರೆ ದಾಟಲಾರದು. ಉಪ್ಪಿನ ಸೋಡಿಯಂ ಅಂತೂ ದಾಟಲಾರದೇ ಆಚೆ ಕಡೆ ನಿಂತಿರುತ್ತದೆ. ಅವುಗಳಿಗೆ ಬಾಗಿಲು ಬೇಕು. ಪೊರೆಯಲ್ಲಿ ತೇಲುವ ಪ್ರೋಟೀನ್‌ಗಳೇ ಆ ಬಾಗಿಲು. ನೀರಿಗೂ ಬೇರೆ ಬಾಗಿಲಿದೆ, ಅಕ್ವಪೋರಿನ್ ಅಂತ ಹೆಸರು. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು.

ಬಾಗಿಲುಗಳಲ್ಲೆಲ್ಲ ದೊಡ್ಡ ಖರ್ಚಿನದು ಸೋಡಿಯಂ ಪಂಪ್. ಇದು ಕೋಶದೊಳಗಿನಿಂದ 3 ಸೋಡಿಯಂ ಹೊರಗೆ ಹಾಕಿ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಪ್ರತಿ ಸಲಕ್ಕೂ ಒಂದು ಎಟಿಪಿ ಖರ್ಚು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳನ್ನು ಅರೆದು 1957ರಲ್ಲಿ ಇದನ್ನು ತೋರಿಸಿದರು. ನೊಬೆಲ್ ಬರಲು 1997ರವರೆಗೆ ಕಾಯಬೇಕಾಯಿತು. ನಾವು ಸುಮ್ನೆ ಕೂತಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಈ ಪಂಪುಗಳಿಗೇ ಹೋಗುತ್ತದೆ. ದೋಣಿಗೆ ನುಗ್ಗಿದ ನೀರನ್ನು ಬಿಡದೆ ಮೊಗೆದು ಚೆಲ್ಲುವ ಕೆಲಸ ಇದು. ಫಲ ಏನು? ರಕ್ತದಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್‌ನಷ್ಟಿದ್ದರೆ (ಮಿಲಿಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ) ಕೋಶದ ಒಳಗೆ 10-15 ಮಾತ್ರ. ಹೊರಗಿನ ಸೋಡಿಯಂ ಒಳಗೆ ನುಗ್ಗಲು ಸದಾ ತವಕದಲ್ಲಿರುತ್ತದೆ, ಕಟ್ಟೆ ತುಂಬಿದ ಕೆರೆಯ ನೀರಿನ ಹಾಗೆ. ತೂಬು ಎತ್ತಿದರೆ ಆ ನೀರಿನಿಂದ ಗದ್ದೆಗೂ ಉಣಿಸಬಹುದು, ಗಿರಣಿಯನ್ನೂ ತಿರುಗಿಸಬಹುದು. ಕರುಳಿನ ಕೋಶ ಮಾಡುವುದೂ ಇದನ್ನೇ.

ಸಣ್ಣಕರುಳಿನ ಒಳಗೋಡೆಯ ಕೋಶಕ್ಕೆ ಎರಡು ಮುಖ. ಒಂದು ಮುಖ ಊಟದ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ಊಟದ ಕಡೆಯ ಪೊರೆ ಸಪಾಟಾಗಿಲ್ಲ. ಟವೆಲ್ಲಿನ ಎಳೆಗಳ ಹಾಗೆ ಸಾವಿರಾರು ಸಣ್ಣ ಎಳೆಗಳು ಎದ್ದು ನಿಂತಿವೆ. ಒಂದೊಂದೂ ಸುಮಾರು ಒಂದು ಮೈಕ್ರಾನ್ ಉದ್ದ. ಇವೆಲ್ಲ ಸೇರಿ ಕರುಳಿನ ಒಳಮೈ ಟೆನಿಸ್ ಕೋರ್ಟಿನಷ್ಟು ಅಗಲ ಅಂತ ನಾವು ಓದಿದ್ದೆವು. 2014ರಲ್ಲಿ ಸ್ವೀಡನ್ನಿನವರು ಮತ್ತೆ ಅಳೆದು, ಅಷ್ಟಿಲ್ಲ, ಅರ್ಧ ಬ್ಯಾಡ್ಮಿಂಟನ್ ಕೋರ್ಟ್ ಅಷ್ಟೇ ಅಂದರು. ಅರ್ಧ ಬ್ಯಾಡ್ಮಿಂಟನ್ ಕೋರ್ಟೇನು ಕಡಿಮೆಯಾಯಿತೇ! ದಿನಕ್ಕೆ ಸುಮಾರು 9 ಲೀಟರ್ ದ್ರವ ಈ ಕರುಳಿಗೆ ಬರುತ್ತದೆ. ನಾವು ಕುಡಿದದ್ದು 2 ಲೀಟರ್, ಉಳಿದದ್ದು ಮೈ ತಾನೇ ಸುರಿಸಿದ ಜೊಲ್ಲು, ಜಠರರಸ, ಪಿತ್ತರಸ. ಅಷ್ಟೂ ನೀರು ವಾಪಸ್ ರಕ್ತಕ್ಕೆ ಹೋಗಿ, ಕೊನೆಗೆ ಹೊರಗೆ ಹೋಗುವುದು ಒಂದು ಲೋಟದಷ್ಟು. ಈ ವಾಪಸಾತಿ ತುಸು ಎಡವಿದರೂ ಭೇದಿ.

ವಾಪಸಾತಿಯ ಮುಖ್ಯ ಬಾಗಿಲುಗಳಲ್ಲಿ ಒಂದರ ಹೆಸರು ಎಸ್‌ಜಿಎಲ್‌ಟಿ1. ಅದು ಊಟದ ಕಡೆಯ ಪೊರೆಯಲ್ಲಿದೆ. ಅದರ ನಿಯಮ ಸರಳ. 2 ಸೋಡಿಯಂ ಮತ್ತು 1 ಗ್ಲೂಕೋಸ್ ಒಟ್ಟಿಗೆ ಬಂದರೆ ಒಳಗೆ ಬಿಡುತ್ತದೆ. ಗ್ಲೂಕೋಸ್ ಒಂದೇ ಬಂದರೆ ಇಲ್ಲ, ಸೋಡಿಯಂ ಒಂದೇ ಬಂದರೂ ಇಲ್ಲ. ಒಳಗೆ ಬಂದ ಸೋಡಿಯಂ ಅನ್ನು ರಕ್ತದ ಕಡೆಯ ಪೊರೆಯಲ್ಲಿರುವ ಪಂಪ್ ಆಚೆ ದಾಟಿಸುತ್ತದೆ. ಗ್ಲೂಕೋಸ್ ಇನ್ನೊಂದು ಬಾಗಿಲಿನಿಂದ ರಕ್ತಕ್ಕೆ ಹೋಗುತ್ತದೆ. ಸೋಡಿಯಂ, ಗ್ಲೂಕೋಸ್ ಎರಡೂ ಹೋದ ಕಡೆಗೆ ನೀರು ಹಿಂಬಾಲಿಸುತ್ತದೆ. ಕೋಸಂಬರಿಯಲ್ಲಿ ನೀರು ಉಪ್ಪಿನ ಹಿಂದೆ ಹೋಯಿತಲ್ಲ, ಅದೇ ನಿಯಮ, ದಿಕ್ಕು ಮಾತ್ರ ನಮಗೆ ಬೇಕಾದ ಕಡೆಗೆ. ರಾಬರ್ಟ್ ಕ್ರೇನ್ ಅನ್ನುವ ಅಮೆರಿಕದ ವಿಜ್ಞಾನಿ 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಈ ಜೋಡಿ ಬಾಗಿಲಿನ ವಿಚಾರ ಹೇಳಿದರು. ಪೊರೆಯ ಮೂಲಕ ಎರಡು ವಸ್ತುಗಳು ಕೈಹಿಡಿದು ಹೋಗುತ್ತವೆ ಅಂತ ಮೊದಲು ಹೇಳಿದ್ದು ಅವರೇ.

ಇದೇ ಕುಟುಂಬದ ಇನ್ನೊಂದು ಬಾಗಿಲು ಮೂತ್ರಪಿಂಡದಲ್ಲಿದೆ, ಎಸ್‌ಜಿಎಲ್‌ಟಿ2. ಅದನ್ನು ಮುಚ್ಚಿದರೆ ಸಕ್ಕರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಈಗ ಶುಗರ್ ಇರುವ ಬಹಳ ಜನ ತಗೊಳ್ಳುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮಾಡುವುದು ಅಷ್ಟೇ ಕೆಲಸ. ಮನೆಯಲ್ಲಿ ಅಜ್ಜನಿಗೆ ಒಂದು ಬಾಗಿಲು ಮುಚ್ಚುವ ಮಾತ್ರೆ, ಮೊಮ್ಮಗುವಿಗೆ ಅದರ ಅಕ್ಕನನ್ನು ತೆರೆಸುವ ಪುಡಿ.

ಕಾಲರಾ ಬಂದಾಗ ಏನಾಗುತ್ತದೆ? ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ಮೊಲದ ಕರುಳಿನ ತುಂಡುಗಳ ಮೇಲೆ ಪ್ರಯೋಗ ಮಾಡಿ, ಕಾಲರಾದ ಬ್ಯಾಕ್ಟೀರಿಯ ಬಿಡುವ ವಿಷವೇ ನೀರು ಸುರಿಸುತ್ತದೆ ಅಂತ ತೋರಿಸಿದರು. ಆ ವಿಷ ಕೋಶದೊಳಗೆ ಹೊಕ್ಕು ಕ್ಲೋರೈಡ್‌ನ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೋರು ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಆದರೆ ಆ ವಿಷ ಎಸ್‌ಜಿಎಲ್‌ಟಿ1 ಬಾಗಿಲನ್ನು ಮುಟ್ಟುವುದಿಲ್ಲ. ಮನೆಯ ಹಿಂದಿನ ನಲ್ಲಿ ಒಡೆದು ನೀರು ಸುರಿಯುತ್ತಿದ್ದರೂ ಮುಂದಿನ ಬಾಗಿಲಿನಿಂದ ಬಿಂದಿಗೆ ತುಂಬಿ ತರಬಹುದು. ಒಆರ್‌ಎಸ್ ಅಂದರೆ ಆ ಬಿಂದಿಗೆ. ಅದು ಭೇದಿಯನ್ನು ನಿಲ್ಲಿಸುವ ಔಷಧಿ ಅಲ್ಲ. ಹೋದ ನೀರನ್ನು ವಾಪಸ್ ತುಂಬಿಸುತ್ತದೆ, ಅಷ್ಟರಲ್ಲಿ ಮೈ ತಾನೇ ರೋಗದ ಕೆಲಸ ಮುಗಿಸುತ್ತದೆ. ‘ಕೊಟ್ಟರೂ ಭೇದಿ ನಿಲ್ಲಲಿಲ್ಲ’ ಅಂತ ಎರಡು ಸಲಕ್ಕೆ ಕೈಬಿಡುವವರು ಇದ್ದಾರಲ್ಲ, ಅವರಿಗೆ ಈ ವಿಷಯವನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳ ಮೇಲೆ ಸಾಬೀತು ಮಾಡಿದರು. ದೊಡ್ಡ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಹೋಗಿದ್ದರು. ಕಾಲರಾ ಶುರುವಾಯಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಅಳೆದು ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ಕಲಸಿ, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟರು. ಸಾವಿನ ಪ್ರಮಾಣ ಸುಮಾರು 30 ಪರ್ಸೆಂಟಿನಿಂದ 3.6ಕ್ಕೆ ಇಳಿಯಿತು. ಬಾಯಿಂದ ಕುಡಿಸುವುದನ್ನು ಆಗಿನ ಎಷ್ಟೋ ವೈದ್ಯರು ನಂಬಿರಲಿಲ್ಲ. ಮಹಲನಬಿಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮುಂದಿನ ವರ್ಷ.

ಈಗ ಪೊಟ್ಟಣದ ಲೆಕ್ಕ ನೋಡೋಣ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಇದನ್ನು ಕಣಗಳ ಲೆಕ್ಕಕ್ಕೆ, ಅಂದರೆ ಮಿಲಿಮೋಲ್‌ಗೆ, ತಿರುಗಿಸಿದರೆ ಸೋಡಿಯಂ 75, ಗ್ಲೂಕೋಸ್ 75. ಸಮಸಮ. ಎಲ್ಲ ಕಣ ಕೂಡಿದರೆ ಲೀಟರಿಗೆ 245. ರಕ್ತದಲ್ಲಿ ಇದು ಸುಮಾರು 290. ಅಂದರೆ ಲೋಟದಲ್ಲಿರುವ ನೀರು ರಕ್ತಕ್ಕಿಂತ ತುಸು ತೆಳು. ಹಾಗಾಗಿ ನೀರು ಕರುಳಿನಿಂದ ರಕ್ತದ ಕಡೆಗೆ ಜಾರುತ್ತದೆ. 2002ಕ್ಕೆ ಮುಂಚಿನ ಒಆರ್‌ಎಸ್‌ನಲ್ಲಿ ಇದೇ ಮೊತ್ತ 311 ಇತ್ತು, ರಕ್ತಕ್ಕಿಂತ ತುಸು ಗಟ್ಟಿ. 311ರಿಂದ 245ಕ್ಕೆ ಇಳಿಸಿದ್ದರಿಂದಲೇ ಮಕ್ಕಳ ಭೇದಿ, ವಾಂತಿ ಕಡಿಮೆಯಾಯಿತು, ಡ್ರಿಪ್ ಹಾಕಬೇಕಾದ ಸಂದರ್ಭಗಳೂ ಇಳಿದವು.

ಇದರ ಪಕ್ಕದಲ್ಲಿ ಒಂದು ಸಿಹಿ ಪಾನೀಯ ಇಡಿ. ಸಾಮಾನ್ಯ ಜ್ಯೂಸ್ ಅಥವಾ ಕೋಲಾದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಕರುಳಿನಲ್ಲಿ ಸಕ್ಕರೆಯ ಒಂದೊಂದು ಅಣುವೂ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಹೀಗೆ ಒಡೆದ ಕಣಗಳ ಲೆಕ್ಕ 580 ದಾಟುತ್ತದೆ, ರಕ್ತದ ಎರಡರಷ್ಟು. ಸೋಡಿಯಂ ಹೆಸರಿಗಷ್ಟೇ. ಎಸ್‌ಜಿಎಲ್‌ಟಿ1 ಬಾಗಿಲಲ್ಲಿ ಗ್ಲೂಕೋಸ್ ಸಾಲುಗಟ್ಟಿ ನಿಂತಿದೆ, ಜೋಡಿಗೆ ಬೇಕಾದ ಸೋಡಿಯಂ ಲೋಟದಲ್ಲಿ ಇಲ್ಲ. ಬಾಗಿಲಾಚೆ ಉಳಿದ ಸಕ್ಕರೆ ರಕ್ತದಿಂದ ನೀರನ್ನು ಕರುಳಿಗೆ ಎಳೆಯುತ್ತದೆ. ಕೋಸಂಬರಿ ಪಾತ್ರೆಯ ತಳದಲ್ಲಿ ನಿಂತ ನೀರು ಈಗ ಮಗುವಿನ ಹೊಟ್ಟೆಯಲ್ಲಿ. ಆ ರಾತ್ರಿ ನಮ್ಮ ಮನೆಯಲ್ಲಿ ಆಗಿದ್ದು ಇದೇ ಇರಬೇಕು.

ಹಾಗಂತ ಎಲ್ಲ ಭೇದಿಯಲ್ಲೂ ಜ್ಯೂಸ್ ವಿಷ ಅಂತ ಹೇಳಿದರೆ ಅದೂ ಸುಳ್ಳು. ಕೆನಡಾದ ಒಂದು ಅಧ್ಯಯನ 2016ರಲ್ಲಿ ಬಂತು. ಅಷ್ಟೇನೂ ನೀರು ಕಳೆದುಕೊಂಡಿರದ ಮಕ್ಕಳಿಗೆ ಅರ್ಧಕ್ಕರ್ಧ ನೀರು ಬೆರೆಸಿದ ಸೇಬಿನ ರಸ ಕೊಟ್ಟು, ಆಮೇಲೆ ಅವಕ್ಕೆ ಇಷ್ಟವಾದದ್ದನ್ನು ಕುಡಿಸಿದರೂ ಚೆನ್ನಾಗೇ ಆಯಿತು. ಆದರೆ ಅಲ್ಲಿನ ಮಕ್ಕಳು ಹೊಟ್ಟೆತುಂಬ ಉಂಡವರು, ಆಸ್ಪತ್ರೆ ಪಕ್ಕದಲ್ಲೇ ಇತ್ತು, ರಸಕ್ಕೂ ನೀರು ಬೆರೆಸಿತ್ತು. ಬೇಸಿಗೆಯಲ್ಲಿ ರಾಯಚೂರಿನ ಕಡೆಯ ಊರೊಂದರಲ್ಲಿ ಕಣ್ಣು ಗುಳಿಬಿದ್ದ ಮಗುವಿಗೆ ಈ ಲೆಕ್ಕ ಹೊಂದುವುದಿಲ್ಲ. ಮುಖ್ಯವಾಗಿ ಆ ಅಧ್ಯಯನದಲ್ಲಿ ಯಾರೂ ಸೇಬಿನ ರಸಕ್ಕೆ ಒಆರ್‌ಎಸ್ ಅಂತ ಹೆಸರಿಟ್ಟಿರಲಿಲ್ಲ.

ಪುಡಿಯಲ್ಲೂ ತಪ್ಪು ಆಗುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದು ಕಲಸುವವರನ್ನು ನಾನೇ ನೋಡಿದ್ದೇನೆ. ‘ಸ್ಟ್ರಾಂಗ್ ಆಗಿರಲಿ’ ಅಂತ. ಕಣಗಳ ಲೆಕ್ಕ ಐದರಷ್ಟಾಗುತ್ತದೆ, ಅದು ಜ್ಯೂಸಿಗಿಂತ ಅಪಾಯ. ಅರ್ಧ ಪೊಟ್ಟಣ ಇವತ್ತು, ಇನ್ನರ್ಧ ನಾಳೆಗೆ ಅನ್ನುವ ಮಿತವ್ಯಯವೂ ಬೇಡ, ಅರ್ಧ ಅಂತ ಕಣ್ಣಳತೆಯಲ್ಲಿ ಸರಿಯಾಗಿ ಬರುವುದಿಲ್ಲ. ಪೂರ್ತಿ ಪುಡಿ, ಪೂರ್ತಿ ನೀರು, ಕುದಿಸಿ ಆರಿಸಿದ್ದು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ನಮ್ಮ ಅಡುಗೆಮನೆ ಈ ವಿಷಯದಲ್ಲಿ ಅಷ್ಟೇನೂ ಹಿಂದೆ ಇಲ್ಲ. ಉಪ್ಪು ಹಾಕಿದ ಗಂಜಿ ತಿಳಿಯನ್ನು ಅಜ್ಜಿಯರು ಕೊಡುತ್ತಿದ್ದರಲ್ಲ, ಅದರ ಲೆಕ್ಕ ಚೆನ್ನಾಗಿದೆ. ಪಿಷ್ಟ ಅಂದರೆ ನೂರಾರು ಗ್ಲೂಕೋಸ್ ಪೋಣಿಸಿದ ಸರ. ಸರ ಪೂರ್ತಿ ಇರುವಾಗ ಅದು ಒಂದೇ ಕಣ, ನೀರನ್ನು ಹೆಚ್ಚು ಎಳೆಯುವುದಿಲ್ಲ. ಕರುಳಿನಲ್ಲಿ ನಿಧಾನವಾಗಿ ಬಿಡಿಬಿಡಿಯಾಗಿ, ಉಪ್ಪಿನ ಜೊತೆ ಬಾಗಿಲು ದಾಟುತ್ತದೆ. ಅಕ್ಕಿಯ ಒಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಪ್ರಯೋಗಗಳೂ ತೋರಿಸಿವೆ. ಉಪ್ಪು ಹಾಕಿದ ನೀರುಮಜ್ಜಿಗೆ ಪರವಾಗಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಪಾನಕವಂತೂ ಹಬ್ಬಕ್ಕೇ ಇರಲಿ. ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರ ದಶಕದಲ್ಲಿ ಮನೆ ಮನೆಗೆ ಹೋಗಿ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ ಅಂತ ಕಲಿಸಿದರು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋದರು. ರುಚಿ ನೋಡಿದಾಗ ಕಣ್ಣೀರಿಗಿಂತ ಉಪ್ಪಾಗಿರಬಾರದು ಅನ್ನುವುದು ಮನೆಯಲ್ಲಿ ಕಲಸುವವರಿಗೆ ಹೇಳುವ ಅಳತೆ.

ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳಿಗೆ ಒಆರ್‌ಎಸ್ ಸಿಗುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ 5 ವರ್ಷದೊಳಗಿನ ಮಕ್ಕಳಲ್ಲಿ ಒಆರ್‌ಎಸ್ ಸಿಕ್ಕಿದ್ದು ಸುಮಾರು 60 ಪರ್ಸೆಂಟಿಗೆ. ಉಳಿದವರಿಗೆ ಏಕಿಲ್ಲ? ಇದಕ್ಕೆ ಉತ್ತರ ಹುಡುಕಿದ ಒಂದು ಒಳ್ಳೆಯ ಅಧ್ಯಯನ ನಮ್ಮ ಕರ್ನಾಟಕದಲ್ಲೂ ಬಿಹಾರದಲ್ಲೂ ನಡೆದಿದೆ, 2024ರಲ್ಲಿ ಪ್ರಕಟವಾಯಿತು. ಎರಡೂ ರಾಜ್ಯಗಳ 253 ಊರುಗಳಲ್ಲಿ 2,000ಕ್ಕೂ ಹೆಚ್ಚು ಖಾಸಗಿ ವೈದ್ಯರು, ಔಷಧಿ ಕೊಡುವವರ ಬಳಿಗೆ ನಟರು ಹೋದರು. ‘ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ’ ಅಂದರು. ಒಆರ್‌ಎಸ್ ಬರೆಯದಿರಲು ಕಾರಣ ಏನು? ಸ್ಟಾಕ್ ಇಲ್ಲದ್ದು ಕಾರಣವಾದದ್ದು 6 ಪರ್ಸೆಂಟ್. ಬೇರೆ ಔಷಧಿಯಲ್ಲಿ ಸಿಗುವ ಲಾಭ 5 ಪರ್ಸೆಂಟ್. ಎಲ್ಲಕ್ಕಿಂತ ದೊಡ್ಡ ಪಾಲು, 42 ಪರ್ಸೆಂಟ್, ‘ಇವರು ಒಆರ್‌ಎಸ್ ಇಷ್ಟಪಡುವುದಿಲ್ಲ’ ಅಂತ ವೈದ್ಯರೇ ಅಂದುಕೊಂಡದ್ದು. ಪೊಟ್ಟಣದ ಫೋಟೋ ತೋರಿಸಿ ‘ಹಿಂದೆ ಇದನ್ನು ಕೊಟ್ಟಿದ್ದೆ’ ಅಂತ ಹೇಳಿದ ನಟರಿಗೆ ಒಆರ್‌ಎಸ್ ಸಿಕ್ಕಿದ ಪ್ರಮಾಣ 27 ಪರ್ಸೆಂಟೇಜ್ ಪಾಯಿಂಟ್ ಏರಿತು.

ಇದನ್ನು ಲೇಬಲ್ ಜಗಳದ ಜೊತೆ ಇಟ್ಟು ನೋಡಿ. ಜನ ಬಾಯಿಬಿಟ್ಟು ಕೇಳಿದರೆ ಸಿಗುತ್ತದೆ. ಆದರೆ ಕೇಳುವುದು ಹೆಸರು ಹಿಡಿದೇ ಅಲ್ವಾ? ಆ ಹೆಸರಿನಲ್ಲೇ ಕಲಬೆರಕೆ ಆದರೆ ಕೇಳಿದವರಿಗೂ ತಪ್ಪಾದದ್ದು ಸಿಗುತ್ತದೆ, ನಮಗೆ ಸಿಕ್ಕ ಹಾಗೆ. ‘ಇದು ಒಆರ್‌ಎಸ್ ಅಲ್ಲ’ ಅಂತ ಸಣ್ಣಕ್ಷರದ ಸಾಲು ಹಾಕಿಸಿ ಮೂರು ವರ್ಷ ಕೂತಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ತಪ್ಪು. ರಾತ್ರಿ ಹತ್ತಕ್ಕೆ ಅಳುವ ಮಗುವನ್ನು ಎತ್ತಿಕೊಂಡು ಯಾರು ಸಣ್ಣಕ್ಷರ ಓದುತ್ತಾರೆ? ಅದೂ ಇಂಗ್ಲಿಷಿನಲ್ಲಿ. ನಿಷೇಧ ಸರಿಯಾಗೇ ಬಂದಿದೆ, ತಡವಾಗಿ ಬಂದಿದೆ. ಈಗ ಅದೇ ಪಾನೀಯಗಳು ಹೊಸ ಹೆಸರಿನಲ್ಲಿ, ಅದೇ ಬಣ್ಣದಲ್ಲಿ, ಅದೇ ಕಪಾಟಿನಲ್ಲಿ ನಿಂತರೆ ಏನು ಮಾಡುತ್ತಾರೋ ನೋಡಬೇಕು. ಕಣ್ಣು ಹೆಸರಿಗಿಂತ ಮೊದಲು ಬಣ್ಣವನ್ನು ಓದುತ್ತದೆ.

ಮೊನ್ನೆ ಅದೇ ಬೀದಿ ಕೊನೆಯ ಅಂಗಡಿಗೆ ಹೋಗಿದ್ದೆ. ‘ಒಆರ್‌ಎಸ್ ಪುಡಿ’ ಅಂತ ಕೇಳಿದೆ. ಹುಡುಗ ಬೇರೆಯವನು. ಎದುರಿನ ಕಪಾಟು ನೋಡಿದ, ಆಮೇಲೆ ಬಗ್ಗಿ ಕೆಳಗಿನ ಡ್ರಾಯರ್‌ನಿಂದ ಒಂದು ಪೊಟ್ಟಣ ತೆಗೆದ. ‘ಆರೆಂಜಾ ಸರ್, ನಿಂಬೆನಾ?’ ನಾನು ಪೊಟ್ಟಣ ತಿರುಗಿಸಿ ಹಿಂಭಾಗ ಓದಿದೆ. 2.6, 13.5, 1.5, 2.9. ‘ಯಾವುದಾದರೂ ಕೊಡಪ್ಪಾ’ ಅಂದೆ.